ವಿಚಿತ್ರ ಸುದ್ದಿಯನ್ನು ಆಟದ ಕಥೆಯಾಗಿ ಹೆಣೆಯುವುದು ಹೇಗೆ?

ಇಪ್ಪತ್ತುಮುಖಿ (ಪ್ರಶ್ನೆ):

ನಮ್ಮ ಗುಂಪಿನಲ್ಲಿ ಗೇಮ್ ಮಾಸ್ಟರ್ ಹೊಣೆ, ಅಂದರೆ ಕಥೆ ಹೇಳುತ್ತಾ ಆಟ ನಡೆಸುವ ಹೊಣೆ, ನನ್ನದು. ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ನಮ್ಮದು. ಬಹಳ ಕಾಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿದೆವು. ಈಗ ಎಲ್ಲರಿಗೂ ‘ಕಾಲ್ ಆಫ್ ಕ್ತುಲ್ಹು’ ಎಂಬ ಭಯ-ರಹಸ್ಯದ ಆಟದ ಗೀಳು ಹಿಡಿದಿದೆ. 1981ರಲ್ಲಿ ಸ್ಯಾಂಡಿ ಪೀಟರ್ಸನ್ ರೂಪಿಸಿದ ಈ ಆಟದಲ್ಲಿ ಕತ್ತಿ ಹಿರಿದ ವೀರರ ಜಾಗದಲ್ಲಿ ಪತ್ರಕರ್ತರು, ವೈದ್ಯರು, ಗ್ರಂಥಪಾಲಕರು ಇರುತ್ತಾರೆ. ಕಥೆ ಶುರುವಾಗುವುದೇ ಸಾಮಾನ್ಯವಾಗಿ ಒಂದು ಪತ್ರಿಕೆಯ ತುಣುಕಿನಿಂದ. ವಿಚಿತ್ರ ಸುದ್ದಿಗಳನ್ನು ಕೂಡಿಡುವ ನನ್ನ ಹಳೆಯ ಹವ್ಯಾಸಕ್ಕೆ ಹೇಳಿ ಮಾಡಿಸಿದ ಆಟ.

ನಾನು ಬರೆದಿಟ್ಟುಕೊಂಡವುಗಳಲ್ಲಿ ಕೆಲವನ್ನು ಹೇಳುತ್ತೇನೆ. 1518ರ ಬೇಸಿಗೆಯಲ್ಲಿ ಯುರೋಪಿನ ಸ್ಟ್ರಾಸ್‌ಬರ್ಗ್ ನಗರದ ಬೀದಿಯಲ್ಲಿ ಒಬ್ಬ ಹೆಂಗಸು ಕುಣಿಯತೊಡಗಿ, ನಿಲ್ಲಿಸಲಾಗದೆ, ವಾರಗಳು ಕಳೆಯುವಷ್ಟರಲ್ಲಿ ನೂರಾರು ಜನ ಅವಳ ಹಾದಿ ಹಿಡಿದದ್ದು. 1876ರ ಮಾರ್ಚ್ 3ರಂದು ಅಮೆರಿಕದ ಕೆಂಟಕಿಯಲ್ಲಿ ಮೋಡವಿಲ್ಲದ ಆಕಾಶದಿಂದ ಒಂದು ಹೊಲಮನೆಯ ಅಂಗಳಕ್ಕೆ ಮಾಂಸದ ತುಣುಕುಗಳು ಉದುರಿದ್ದು. 1919ರ ಜನವರಿ 15ರಂದು ಬೋಸ್ಟನ್ನಿನಲ್ಲಿ ದೊಡ್ಡ ಟ್ಯಾಂಕ್ ಒಡೆದು ಬೀದಿಗೆ ಕಾಕಂಬಿಯ ಅಲೆ ನುಗ್ಗಿದ್ದು. 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಎಮು ಹಕ್ಕಿಗಳ ಮೇಲೆ ಸೈನಿಕರು ಮಷಿನ್ ಗನ್ ಹಿಡಿದು ಹೊರಟದ್ದು.

ಇವುಗಳಲ್ಲಿ ಯಾವುದನ್ನು ಮೇಜಿನ ಸುತ್ತ ಹೇಳಿದರೂ ಎಲ್ಲರ ಹುಬ್ಬು ಮೇಲೇರುತ್ತದೆ. ಸ್ವಲ್ಪ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಸರಿ, ಈಗ ನಾವೇನು ಮಾಡಬೇಕು?’ ಅಲ್ಲಿಗೆ ಕಥೆಯ ಕಾಲು ಮುರಿದು ಬೀಳುತ್ತದೆ. ಮಾಂಸ ಬಿದ್ದಾಯಿತು, ಟ್ಯಾಂಕ್ ಒಡೆದಾಯಿತು. ನಡೆದುಹೋದ ಘಟನೆಯಲ್ಲಿ ಆಟಗಾರನಿಗೆ ಮಾಡಲು ಏನು ಉಳಿದಿರುತ್ತದೆ? ಇಂಥದ್ದನ್ನು ಆಡಿದವರು, ಆಡಿಸಿದವರು ದಯವಿಟ್ಟು ಹೇಳಿ. ಕಾಮಿಕ್ಸ್ ಓದುವ ಗೆಳತಿಯೊಬ್ಬಳು, ‘ಸುದ್ದಿಯಿಂದ ಕಥೆ ಮಾಡುವುದರಲ್ಲಿ ಕಾಮಿಕ್ಸ್ ಎತ್ತಿದ ಕೈ, ಅಲ್ಲಿಂದ ಕಲಿ’ ಎನ್ನುತ್ತಾಳೆ. ಆ ಕಡೆಯ ಉದಾಹರಣೆಗಳಿದ್ದರೂ ಬೇಕು.


ಗೂಬೆಕರಡಿ:

ನನ್ನ ಹೆಸರು ನೋಡಿದರೇ ನಾನು ಯಾವ ಪಕ್ಷ ಎಂದು ತಿಳಿಯುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ರೂಪಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ತಮ್ಮ ಆಟದ ಮೇಜಿಗೆ ರಾಕ್ಷಸರು ಬೇಕೆಂದು ಹುಡುಕುತ್ತಿದ್ದಾಗ ಸಿಕ್ಕಿದ್ದು ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಪ್ರಾಣಿಗಳ ಒಂದು ಚೀಲ. ಅವು ಯಾವ ಪ್ರಾಣಿಗಳೆಂದು ತಯಾರಿಸಿದವರಿಗೇ ಗೊತ್ತಿತ್ತೋ ಇಲ್ಲವೋ, ಅಷ್ಟು ವಿಕಾರ. ಅವುಗಳಿಂದಲೇ ಗೂಬೆಯ ಮುಖದ ಕರಡಿ ಹುಟ್ಟಿತು, ಕಬ್ಬಿಣವನ್ನು ಮುಟ್ಟಿ ತುಕ್ಕು ಹಿಡಿಸುವ ರಸ್ಟ್ ಮಾನ್‌ಸ್ಟರ್ ಹುಟ್ಟಿತು. ಎರಡೂ ಆ ಆಟದ 1975ರ ‘ಗ್ರೇಹಾಕ್’ ಪುರವಣಿಯಲ್ಲಿ ಅಚ್ಚಾದವು. ಅದೇ ಜಾತಿಯ ಇನ್ನೊಂದು ಗೊಂಬೆಗೆ ಟಿಮ್ ಕಾಸ್ಕ್ ನೆಲದಡಿ ಈಜುವ ಬುಲೆಟ್ ಎಂಬ ಪ್ರಾಣಿಯ ರೂಪ ಕೊಟ್ಟರು. ಅದು 1976ರ ‘ದಿ ಡ್ರ್ಯಾಗನ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಬಂತು. ಅರ್ಧ ಶತಮಾನವಾದರೂ ಇವು ಇನ್ನೂ ಆಟಗಾರರನ್ನು ಅಟ್ಟಿಸಿಕೊಂಡು ಬರುತ್ತಿವೆ.

ನನ್ನ ಮಟ್ಟಿಗೆ ಉತ್ತರ ಇಲ್ಲೇ ಇದೆ. ಸುದ್ದಿಯ ಚಿತ್ರವನ್ನಷ್ಟೇ ಉಳಿಸಿಕೊಳ್ಳಿ, ವಿವರಣೆಯನ್ನು ಬಿಸಾಡಿ. ಕೆಂಟಕಿಯ ಮಾಂಸವನ್ನು ರಣಹದ್ದುಗಳು ಹಾರುವಾಗ ಕಕ್ಕಿರಬೇಕು ಎಂದು ಆಗಲೇ ವಿದ್ವಾಂಸರು ಹೇಳಿದ್ದರು. ಅದು ನಿಮ್ಮ ಆಟಗಾರರಿಗೆ ಯಾಕೆ ಬೇಕು? ಅಂಗಳದಲ್ಲಿ ಸೋಪು ಕಾಯಿಸುತ್ತಿದ್ದ ಹೆಂಗಸು, ನೀಲಿ ಆಕಾಶ, ಬೇಲಿಗೆ ಸಿಕ್ಕಿಕೊಂಡ ಮಾಂಸದ ಚೂರುಗಳು, ಅದನ್ನು ಬಾಯಿಗೆ ಹಾಕಿಕೊಂಡು ‘ಕುರಿಯದ್ದೋ ಜಿಂಕೆಯದ್ದೋ ಇರಬೇಕು’ ಎಂದ ಇಬ್ಬರು ಗಂಡಸರು. ಇಷ್ಟು ಸಾಕು. ಮೇಲೆ ಏನಿದೆ ಎಂಬುದನ್ನು ನೀವೇ ನಿರ್ಧರಿಸಿ.


ಕಡತದ ಧೂಳು:

ಗೂಬೆಕರಡಿ ಅವರೇ, ನಿಮ್ಮ ಮಾತು ರಾಕ್ಷಸರಿಗೆ ಸರಿ, ಸುದ್ದಿಗೆ ಸಾಲದು. ಪ್ಲಾಸ್ಟಿಕ್ ಗೊಂಬೆಗೆ ಹಿಂದುಮುಂದಿಲ್ಲ, ಅದಕ್ಕೆ ಏನನ್ನು ಬೇಕಾದರೂ ಅಂಟಿಸಬಹುದು. ಸುದ್ದಿಗೆ ಹಿಂದೂ ಇದೆ, ಮುಂದೂ ಇದೆ. ಎರಡನ್ನೂ ಕತ್ತರಿಸಿ ಎಸೆದರೆ ಉಳಿಯುವುದು ಬೆರಗು. ಬೆರಗಿನ ಆಯುಸ್ಸು ಎಷ್ಟೆಂದು ಇಪ್ಪತ್ತುಮುಖಿ ಅವರೇ ಹೇಳಿದ್ದಾರೆ.

ವಿಚಿತ್ರ ಸುದ್ದಿ ಕಣ್ಣಿಗೆ ಬಿದ್ದಾಗ ನಾನು ಕೇಳುವ ಪ್ರಶ್ನೆ ಒಂದೇ: ಮರುದಿನ ಬೆಳಿಗ್ಗೆ ಇದು ಯಾರ ತಲೆಯ ಮೇಲೆ ಬಂತು? ಆಕಾಶದಿಂದ ಏನೇ ಬೀಳಲಿ, ಬೀದಿಯಲ್ಲಿ ಯಾರೇ ಕುಣಿಯಲಿ, ಅದಕ್ಕೊಂದು ವ್ಯವಸ್ಥೆ ಮಾಡಬೇಕಾದವರು ಎಲ್ಲೋ ಇದ್ದೇ ಇರುತ್ತಾರೆ. ಆಟಗಾರರನ್ನು ಆ ಜಾಗದಲ್ಲಿ ಕೂರಿಸಿ. ‘ನಾವೇನು ಮಾಡಬೇಕು?’ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ, ಏಕೆಂದರೆ ಏನಾದರೂ ಮಾಡಿ ಎಂದು ಊರಿಗೆ ಊರೇ ಬಾಗಿಲು ಬಡಿಯುತ್ತಿರುತ್ತದೆ.

ಸ್ಟ್ರಾಸ್‌ಬರ್ಗ್‌ನ ಕುಣಿತವನ್ನೇ ತೆಗೆದುಕೊಳ್ಳಿ. ಎಲ್ಲರೂ ಹೇಳುವುದು ಕುಣಿದವರ ಕಥೆ. ನನಗೆ ಮೈ ಜುಮ್ಮೆನ್ನಿಸಿದ್ದು ನಗರಸಭೆಯ ಕಥೆ. ಸಭೆ ವೈದ್ಯರನ್ನು ಕೇಳಿತು. ರಕ್ತ ಅತಿಯಾಗಿ ಬಿಸಿಯಾಗಿದೆ, ಕುಣಿದು ಕುಣಿದೇ ಇಳಿಯಬೇಕು ಎಂದು ಅವರು ಹೇಳಿದರು. ಸಭೆ ಅದನ್ನು ನಂಬಿ ಬಡಗಿಗಳ ಮತ್ತು ಚರ್ಮ ಹದ ಮಾಡುವವರ ಸಂಘಗಳ ಸಭಾಂಗಣಗಳನ್ನು ಬಿಡಿಸಿಕೊಟ್ಟಿತು, ಬಯಲಿನಲ್ಲಿ ವೇದಿಕೆ ಕಟ್ಟಿಸಿತು, ಸಂಬಳ ಕೊಟ್ಟು ವಾದ್ಯಗಾರರನ್ನು ಕರೆಸಿತು, ಸುಸ್ತಾಗಿ ಬೀಳುವವರನ್ನು ಎತ್ತಿ ನಿಲ್ಲಿಸಲು ಗಟ್ಟಿಮುಟ್ಟಾದ ಆಳುಗಳನ್ನೂ ಗೊತ್ತುಮಾಡಿತು. ರೋಗ ಇಳಿಯುವ ಬದಲು ಏರಿತು. ಆಗ ಅದೇ ಸಭೆ ತಿರುಗಿಬಿದ್ದು ಕುಣಿತವನ್ನು ನಿಷೇಧಿಸಿತು. ಮದುವೆಯಂಥ ಗೌರವದ ಸಂದರ್ಭಗಳಲ್ಲಿ ತಂತಿವಾದ್ಯ ನುಡಿಸಬಹುದು, ಡೋಲು ಮಾತ್ರ ಕೂಡದು ಎಂದು ಅಪ್ಪಣೆ ಹೊರಡಿಸಿತು. ಕೊನೆಗೆ ಕುಣಿಯುವವರನ್ನು ಬಂಡಿಗಳಲ್ಲಿ ತುಂಬಿ ಸಂತ ವಿಟಸ್‌ನ ಗುಡಿಗೆ ಕಳಿಸಿದರು. ಅಲ್ಲಿ ಅವರ ಕಾಲಿಗೆ ಕೆಂಪು ಪಾದರಕ್ಷೆ ತೊಡಿಸಿದರು.

ಈ ಪಟ್ಟಿಯ ಒಂದೊಂದು ಹೆಜ್ಜೆಯೂ ಯಾರೋ ಒಬ್ಬರು ತೆಗೆದುಕೊಂಡ ನಿರ್ಧಾರ. ನಾನು ಆಡಿಸಿದಾಗ ಆಟಗಾರರೆಲ್ಲ ಸಂಬಳಕ್ಕೆ ಬಂದ ವಾದ್ಯಗಾರರು. ಮೊದಲ ದೃಶ್ಯದಲ್ಲಿ ಚರ್ಮದ ವಾಸನೆ ಇನ್ನೂ ಹೋಗಿರದ ಸಭಾಂಗಣ, ಒಂದು ಮೂಲೆಯಲ್ಲಿ ನೀರಿನ ಕೊಳಗ, ನೆಲದ ಹಲಗೆಯ ಮೇಲೆ ರಕ್ತದ ಕಾಲ್ಗುರುತುಗಳು. ‘ಬಾರಿಸಿ’ ಎನ್ನುತ್ತಾನೆ ಸಭೆಯ ಗುಮಾಸ್ತ. ಬಾರಿಸಿದರೆ ಎದುರಿಗಿರುವವರು ಕುಣಿಯುತ್ತಾರೆ. ಲಯ ಏರಿಸಿದರೆ ಅವರ ಕಾಲೂ ಏರುತ್ತದೆ. ನಿಲ್ಲಿಸಿದರೆ ಕೂಲಿ ಇಲ್ಲ, ಜೊತೆಗೆ ಸಭೆಯ ಅಪ್ಪಣೆ ಮೀರಿದ ಅಪರಾಧ. ಡೋಲಿನವಳಾಗಿ ಆಡುತ್ತಿದ್ದವಳು ಒಂದು ಹಂತದಲ್ಲಿ ದಾಳವನ್ನು ಕೈಯಲ್ಲೇ ಹಿಡಿದುಕೊಂಡು, ‘ನಾನು ಸದ್ದಾಗದ ಹಾಗೆ ಲಯವನ್ನು ನಿಧಾನ ಮಾಡುತ್ತಾ ಬರುತ್ತೇನೆ, ಗುಮಾಸ್ತನಿಗೆ ತಿಳಿಯಬಾರದು’ ಎಂದಳು. ಉಳಿದ ಸಂಜೆಯೆಲ್ಲ ಆ ಒಂದು ವಾಕ್ಯದ ಸುತ್ತಲೇ ನಡೆಯಿತು. ಯಾವ ಭೂತವನ್ನೂ ನಾನು ತರಬೇಕಾಗಿ ಬರಲಿಲ್ಲ.

ಎಮುಗಳ ವಿಷಯವೂ ಹಾಗೆಯೇ. ಎರಡು ಲೂಯಿಸ್ ಗನ್, 10,000 ಗುಂಡು, ಹಕ್ಕಿಗಳ ಕೈಲಿ ಸೋತ ಸೈನ್ಯ ಎಂದು ನಕ್ಕು ಮುಗಿಸುವ ಸುದ್ದಿ ಅದು. ಆದರೆ ಮಷಿನ್ ಗನ್ ಬೇಕೆಂದು ರೈತರಿಗೆ ಹೊಳೆದದ್ದಾದರೂ ಹೇಗೆ? ಅವರಲ್ಲಿ ಬಹಳ ಮಂದಿ ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು. ಸರ್ಕಾರವೇ ಅವರಿಗೆ ಆ ಬಂಜರು ಅಂಚಿನಲ್ಲಿ ಜಮೀನು ಕೊಟ್ಟು ಕೂರಿಸಿತ್ತು. ಗೋಧಿಯ ಬೆಲೆ ಕುಸಿದಿತ್ತು, ಕೊಡುತ್ತೇವೆಂದ ಸಹಾಯಧನ ಬಂದಿರಲಿಲ್ಲ, ಅದರ ಮೇಲೆ ಸುಮಾರು 20,000 ಎಮುಗಳು ಹೊಲಕ್ಕೆ ಇಳಿದವು. ಅವರ ನಿಯೋಗ ಹೋದದ್ದು ರಕ್ಷಣಾ ಸಚಿವ ಜಾರ್ಜ್ ಪಿಯರ್ಸ್ ಬಳಿಗೆ. ಆ ನಿಯೋಗದಲ್ಲಿ ನಿಮ್ಮ ಆಟಗಾರರನ್ನು ಕೂರಿಸಿ ನೋಡಿ. ಹಕ್ಕಿಗಳು ಕಾಣಿಸಿಕೊಳ್ಳುವ ಹೊತ್ತಿಗೆ ಅವರಿಗೆ ಕಳೆದುಕೊಳ್ಳಲು ಹೊಲ ಇರುತ್ತದೆ, ಸಾಲ ಇರುತ್ತದೆ, ಯುದ್ಧದ ನೆನಪೂ ಇರುತ್ತದೆ.

ಬೋಸ್ಟನ್ ಬಗ್ಗೆ ಒಂದೇ ವಿವರ ಹೇಳುತ್ತೇನೆ, ಉಳಿದದ್ದನ್ನು ನೀವೇ ಹೆಣೆಯಬಲ್ಲಿರಿ. ಆ ಟ್ಯಾಂಕ್ ಕಟ್ಟಿದಂದಿನಿಂದಲೂ ಸೋರುತ್ತಿತ್ತು. ಸುತ್ತಲಿನ ಮಕ್ಕಳು ಡಬ್ಬಿ ತಂದು ಹಿಡಿದುಕೊಂಡು ಹೋಗುತ್ತಿದ್ದರು. ದೂರು ಬಂದಾಗ ಕಂಪನಿ ಮಾಡಿದ ಕೆಲಸ, ಸೋರಿಕೆ ಕಾಣದಿರಲೆಂದು ಟ್ಯಾಂಕಿಗೆ ಕಂದು ಬಣ್ಣ ಬಳಿಸಿದ್ದು. ಅಲೆ ಬರುವ ದಿನಕ್ಕಿಂತ ಎಷ್ಟೋ ಮುಂಚೆ, ಬಣ್ಣ ಬಳಿಯುವ ದಿನ ನಿಮ್ಮ ಕಥೆ ಶುರುವಾಗಲಿ. ಏಣಿ ಹತ್ತಿದ ಬಣ್ಣದವನ ಕುಂಚಕ್ಕೆ ಹಸಿಯಾಗಿ, ಅಂಟಾಗಿ ಏನೋ ತಾಗುತ್ತದೆ. ಅವನು ಬಣ್ಣ ಬಳಿಯುತ್ತಾನೋ ಕೆಳಗಿಳಿದು ಬರುತ್ತಾನೋ?


ಮಸಿಬೆರಳು:

ಕಾಮಿಕ್ಸ್ ಕಡೆಯಿಂದ ನಾನು ಬರುತ್ತೇನೆ. ನಿಮ್ಮ ಗೆಳತಿ ಹೇಳಿದ್ದು ನಿಜ. ಆದರೆ ನನಗೆ ಹೆಚ್ಚು ಇಷ್ಟವಾಗುವುದು ಉಲ್ಟಾ ದಿಕ್ಕಿನ ಪ್ರಯಾಣ, ಕಾಮಿಕ್ಸ್‌ನಲ್ಲಿ ಮೊದಲು ಬಂದದ್ದು ಆಮೇಲೆ ಸುದ್ದಿಯಾದದ್ದು.

1949ರಲ್ಲಿ ಕಾರ್ಲ್ ಬಾರ್ಕ್ಸ್ ಬರೆದು ಚಿತ್ರಿಸಿದ ಒಂದು ಡೊನಾಲ್ಡ್ ಡಕ್ ಕಥೆಯಲ್ಲಿ ಮುಳುಗಿದ ಹಡಗಿನೊಳಗೆ ಪಿಂಗ್‌ಪಾಂಗ್ ಚೆಂಡುಗಳನ್ನು ತುಂಬಿಸಿ ಅದನ್ನು ಮೇಲೆತ್ತುತ್ತಾರೆ. 1964ರಲ್ಲಿ ಕುವೈತ್ ಬಂದರಿನಲ್ಲಿ ಸಾವಿರಾರು ಕುರಿಗಳನ್ನು ಹೊತ್ತ ‘ಅಲ್ ಕುವೈತ್’ ಎಂಬ ಹಡಗು ಮಗುಚಿ ಮುಳುಗಿತು. ಆ ನಗರದ ಕುಡಿಯುವ ನೀರು ಬರುತ್ತಿದ್ದದ್ದು ಅದೇ ಸಮುದ್ರದಿಂದ. ಕುರಿಗಳು ಕೊಳೆಯುವುದರೊಳಗೆ ಹಡಗು ಮೇಲೆ ಬರಬೇಕಿತ್ತು. ಕಾರ್ಲ್ ಕ್ರೋಯರ್ ಎಂಬ ಡೆನ್ಮಾರ್ಕಿನ ಸಂಶೋಧಕ ಹಡಗಿನ ಹೊಟ್ಟೆಗೆ ಪಾಲಿಸ್ಟೈರೀನ್ ಗುಳಿಗೆಗಳನ್ನು ಪೈಪಿನಲ್ಲಿ ತುಂಬಿಸಿ ಅದನ್ನು ತೇಲಿಸಿದ. ಕಡತದ ಧೂಳು ಅವರ ಪ್ರಶ್ನೆಯನ್ನು ಇಲ್ಲಿ ಕೇಳಿ ನೋಡಿ. ನೀರಿನ ಘಟಕದ ಅಧಿಕಾರಿ, ಬಂದರಿನ ಅಧಿಕಾರಿ, ಬಾತುಕೋಳಿಯ ಕಾಮಿಕ್ಸ್ ಓದಿದ ಒಬ್ಬ ಎಂಜಿನಿಯರ್, ಮೇಲೆ ಗಡಿಯಾರ. ಪೂರ್ತಿ ಒಂದು ಸಂಜೆಯ ಆಟ ಇದೆ.

ಇನ್ನೊಂದು, 1983ರದ್ದು. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯ ನ್ಯಾಯಾಧೀಶ ಜ್ಯಾಕ್ ಲವ್, ಪತ್ರಿಕೆಯಲ್ಲಿ ಬಂದ ಸ್ಪೈಡರ್‌ಮ್ಯಾನ್ ಚಿತ್ರಕಥೆಯಲ್ಲಿ ಖಳನೊಬ್ಬ ನಾಯಕನ ಕೈಗೆ ಅವನ ಜಾಡು ಹಿಡಿಯುವ ಬಳೆ ತೊಡಿಸಿದ್ದನ್ನು ಕಂಡಿದ್ದರು. ಅದರಿಂದ ಹೊಳೆದ ವಿಚಾರವನ್ನು ಅವರು ನಿಜ ಮಾಡಿಸಿ, ಅಪರಾಧಿಯನ್ನು ಮನೆಯಲ್ಲೇ ಇರಿಸಿ ನಿಗಾ ಇಡುವ ಎಲೆಕ್ಟ್ರಾನಿಕ್ ಪಟ್ಟಿಯನ್ನು ಮೊದಲು ಬಳಕೆಗೆ ತಂದರು. ಖಳನ ಉಪಾಯವನ್ನು ನ್ಯಾಯಾಧೀಶರು ಎತ್ತಿಕೊಂಡರು ಎಂಬುದನ್ನು ನಾನು ಈಗಲೂ ನಂಬಲಾಗದೆ ನೆನೆಯುತ್ತೇನೆ.

ಆದರೆ ನನ್ನ ಎದೆಗೆ ನಾಟಿದ್ದು ಸುಂಕದ ಮೊಕದ್ದಮೆ. ಆಗಿನ ಅಮೆರಿಕದ ಆಮದು ನಿಯಮದಲ್ಲಿ ಗೊಂಬೆಗೆ 12 ಶೇಕಡಾ ಸುಂಕ, ಆಟಿಕೆಗೆ 6.8 ಶೇಕಡಾ ಇತ್ತು. ಮನುಷ್ಯನ ರೂಪವಾದರೆ ಗೊಂಬೆ, ಬೇರೆ ಯಾವ ಜೀವಿಯಾದರೂ ಆಟಿಕೆ. ಹುಟ್ಟಿನಿಂದಲೇ ವಿಚಿತ್ರ ಶಕ್ತಿಗಳಿರುವ ಕಾಮಿಕ್ಸ್ ನಾಯಕರಾದ ಎಕ್ಸ್-ಮೆನ್ ಪ್ರತಿಮೆಗಳನ್ನು ತರಿಸುತ್ತಿದ್ದ ಟಾಯ್ ಬಿಜ್ ಕಂಪನಿ ನ್ಯಾಯಾಲಯಕ್ಕೆ ಹೋಗಿ, ಇವರು ಮನುಷ್ಯರಲ್ಲ ಎಂದು ವಾದಿಸಿತು. 2003ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವಾಣಿಜ್ಯ ನ್ಯಾಯಾಲಯದ ನ್ಯಾಯಾಧೀಶೆ ಜುಡಿತ್ ಬಾರ್ಜಿಲೇ ಪ್ರತಿಮೆಗಳ ಉಗುರು, ಬಾಲ, ಚರ್ಮ ಎಲ್ಲವನ್ನೂ ಪರಿಶೀಲಿಸಿ ಕಂಪನಿಯ ಪರವಾಗಿ ತೀರ್ಪು ಕೊಟ್ಟರು. ಯೋಚಿಸಿ: 1963ರಿಂದ ಎಕ್ಸ್-ಮೆನ್ ಕಥೆಗಳ ಜೀವನಾಡಿಯೇ ‘ನಾವೂ ಮನುಷ್ಯರು, ನಮ್ಮನ್ನು ಬದುಕಲು ಬಿಡಿ’ ಎಂಬ ಕೂಗು. ಅವರ ಗೊಂಬೆಗಳನ್ನು ಮಾರುವವರೇ ಸುಂಕ ಉಳಿಸಲು ಅವರು ಮನುಷ್ಯರಲ್ಲ ಎಂದು ದಾಖಲೆಯ ಮೇಲೆ ಸಾಬೀತು ಮಾಡಿದರು. ಓದುಗಳಾಗಿ ನನಗೆ ಆ ದಿನ ನಿಜವಾಗಿ ಬೇಸರವಾಗಿತ್ತು.

ನಾನು ಸೂಪರ್‌ಹೀರೋ ಆಟ ಆಡಿಸುವಾಗ ಇದನ್ನು ಸುಂಕದ ಕಟ್ಟೆಯ ದೃಶ್ಯವಾಗಿ ತಂದೆ. ಒಂದು ಪೆಟ್ಟಿಗೆ ಬರುತ್ತದೆ, ಅದರೊಳಗೆ ಗೊಂಬೆಯ ಬದಲು ನಿದ್ರಿಸುತ್ತಿರುವ ಜೀವಿಯೊಂದು ಇದೆ. ಬಂದರಿನ ಗುಮಾಸ್ತರ ಪಾತ್ರದಲ್ಲಿರುವ ಆಟಗಾರರು ನಮೂನೆ ತುಂಬಬೇಕು. ಅದರಲ್ಲಿ ಎರಡೇ ಖಾನೆ.


ಇಪ್ಪತ್ತುಮುಖಿ:

ಮಸಿಬೆರಳು ಅವರೇ, ಆ ಎರಡು ಖಾನೆಗಳ ದೃಶ್ಯವನ್ನು ನಾನು ಎರವಲು ಪಡೆಯುತ್ತೇನೆ, ಅನುಮತಿ ಇರಲಿ. ಕಡತದ ಧೂಳು ಅವರೇ, ವಾದ್ಯಗಾರರ ವಿಚಾರ ತಲೆಯಿಂದ ಹೋಗುತ್ತಲೇ ಇಲ್ಲ. ಎರಡು ಅನುಮಾನಗಳು ಉಳಿದಿವೆ. ಒಂದು, ನಮ್ಮ ಗುಂಪಿನಲ್ಲಿ ಒಬ್ಬರು ಇಂಥವನ್ನೆಲ್ಲ ಮೊದಲೇ ಓದಿಕೊಂಡಿರುತ್ತಾರೆ. ‘ಇದು ರಣಹದ್ದು’ ಎಂದು ಅವರು ಹೇಳಿಬಿಟ್ಟರೆ ರಹಸ್ಯದ ಗತಿಯೇನು? ಎರಡನೆಯದು ಹೆಚ್ಚು ಕಾಡುತ್ತದೆ. ಬೋಸ್ಟನ್ನಿನಲ್ಲಿ 21 ಜನ ಸತ್ತರು. ಅದನ್ನು ಮೇಜಿನ ಮೇಲೆ ದಾಳ ಉರುಳಿಸಿ ಆಡುವುದು ಸರಿಯೇ?


ಕಡತದ ಧೂಳು:

ಮೊದಲನೆಯದಕ್ಕೆ ಉತ್ತರ ಸುಲಭ. ಉತ್ತರವನ್ನು ಬಚ್ಚಿಡುವುದರ ಮೇಲೆ ಕಥೆ ನಿಲ್ಲಬಾರದು. ಜಸ್ಟಿನ್ ಅಲೆಕ್ಸಾಂಡರ್ ಎಂಬ ಆಟ ವಿನ್ಯಾಸಕರು ಹೇಳಿದ ‘ಮೂರು ಸುಳಿವಿನ ನಿಯಮ’ ಬಹಳ ಮಂದಿಗೆ ಗೊತ್ತಿರುತ್ತದೆ: ಆಟಗಾರರು ಒಂದು ತೀರ್ಮಾನಕ್ಕೆ ಬರಬೇಕಾದರೆ ಅದರತ್ತ ಕೈ ತೋರುವ ಕನಿಷ್ಠ ಮೂರು ಸುಳಿವುಗಳನ್ನು ಇಡಿ. ಒಂದನ್ನು ಕಾಣುವುದಿಲ್ಲ, ಇನ್ನೊಂದನ್ನು ತಪ್ಪಾಗಿ ತಿಳಿಯುತ್ತಾರೆ, ಮೂರನೆಯದು ಕೈ ಹಿಡಿಯುತ್ತದೆ. ರಾಬಿನ್ ಲಾಸ್ ಅವರ ‘ಗಮ್‌ಶೂ’ ನಿಯಮಾವಳಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಕಥೆಗೆ ಅಗತ್ಯವಾದ ಸುಳಿವಿಗೆ ದಾಳವೇ ಇಲ್ಲ. ಸರಿಯಾದ ಜಾಗದಲ್ಲಿ ಸರಿಯಾದ ಕೌಶಲವಿದ್ದವರು ಹುಡುಕಿದರೆ ಸಿಕ್ಕೇ ಸಿಗುತ್ತದೆ. ಸುಳಿವು ಸಿಕ್ಕ ಮೇಲೆ ಏನು ಮಾಡುತ್ತೀರಿ ಎಂಬುದೇ ಆಟ. ನಿಮ್ಮ ಗೆಳೆಯರು ‘ಟ್ಯಾಂಕ್ ಸೋರುತ್ತಿದೆ, ಒಡೆಯುತ್ತದೆ’ ಎಂದು ಮೊದಲ ನಿಮಿಷದಲ್ಲೇ ಹೇಳಲಿ, ಬಿಡಿ. ಬೋಸ್ಟನ್ನಿನಲ್ಲೂ ಹಲವರಿಗೆ ಗೊತ್ತಿತ್ತು. ಗೊತ್ತಿದ್ದೂ ಯಾರ ಬಾಯಿಂದ ಯಾರಿಗೆ ಹೇಳಿಸುತ್ತೀರಿ, ಕೇಳುವವರು ಯಾರು ಎಂಬಲ್ಲೇ ಬಿಗಿ ಇರುವುದು. ಟ್ಯಾಂಕ್ ಕಟ್ಟಿಸಿದ ಮೇಲ್ವಿಚಾರಕ ಅದನ್ನು ಪರೀಕ್ಷಿಸಿದ್ದು ತಳದಲ್ಲಿ ಆರು ಇಂಚು ನೀರು ನಿಲ್ಲಿಸಿ. ಟ್ಯಾಂಕಿನ ಎತ್ತರ 50 ಅಡಿ. ಇದನ್ನು ಕಡತದಲ್ಲಿ ಕಂಡ ಗುಮಾಸ್ತನ ಸ್ಥಿತಿ ಊಹಿಸಿಕೊಳ್ಳಿ.

ಎರಡನೆಯ ಅನುಮಾನ ನಿಮಗೆ ಬಂದದ್ದೇ ನನಗೆ ಸಮಾಧಾನ. ಇದನ್ನು ನಾವು ಬೇರೆಯವರಿಗಿಂತ ಹೆಚ್ಚು ಯೋಚಿಸಬೇಕು, ಏಕೆಂದರೆ ನಮ್ಮ ಆಟವೇ ಒಮ್ಮೆ ವಿಚಿತ್ರ ಸುದ್ದಿಯಾಗಿತ್ತು.

1979ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಿಂದ 16 ವರ್ಷದ ವಿದ್ಯಾರ್ಥಿಯೊಬ್ಬ ಕಾಣೆಯಾದ. ತುಂಬಾ ಬುದ್ಧಿವಂತ ಹುಡುಗ, ವಯಸ್ಸಿಗೆ ಮುಂಚೆ ಕಾಲೇಜು ಸೇರಿದವನು, ಒಂಟಿತನದಲ್ಲಿ, ತೀವ್ರ ಖಿನ್ನತೆಯಲ್ಲಿ ಬೇಯುತ್ತಿದ್ದವನು. ಅವನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದನೆಂದು ತಿಳಿದದ್ದೇ ತಡ, ವಿಶ್ವವಿದ್ಯಾಲಯದ ನೆಲದಡಿಯ ಹಬೆ ಸುರಂಗಗಳಲ್ಲಿ ಆಟವನ್ನು ನಿಜವೆಂದು ಭ್ರಮಿಸಿ ದಾರಿ ತಪ್ಪಿದ್ದಾನೆ ಎಂಬ ಕಥೆ ಪತ್ರಿಕೆಗಳಲ್ಲಿ ಹಬ್ಬಿತು. ಅವನು ಆ ಸುರಂಗಕ್ಕೆ ಹೋದದ್ದು ಸಾಯಲೆಂದು. ಬದುಕಿ, ಊರು ಬಿಟ್ಟು ಹೋಗಿದ್ದ. ಸುಮಾರು ಒಂದು ತಿಂಗಳ ಬಳಿಕ ಸಿಕ್ಕಿದ. ಮುಂದಿನ ವರ್ಷ ತಾನೇ ಜೀವ ತೆಗೆದುಕೊಂಡ. ಇಡೀ ಪ್ರಕರಣದಲ್ಲಿ ಜಗತ್ತಿಗೆ ನೆನಪುಳಿದದ್ದು ಸುರಂಗ ಮತ್ತು ಆಟ. ಹುಡುಗನ ಸಂಕಟವನ್ನು ಯಾರೂ ಕೇಳಲಿಲ್ಲ. ಆಟದ ಮಾರಾಟ ಮಾತ್ರ ಏರಿತು. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಇದರಿಂದ ನಾನು ಹಾಕಿಕೊಂಡ ಕಟ್ಟುಪಾಡು ಹೀಗಿದೆ. ಸತ್ತವರ ಹೆಸರುಗಳನ್ನು ಆಟಕ್ಕೆ ತರುವುದಿಲ್ಲ, ನಗರದ ಹೆಸರನ್ನೂ ಬದಲಿಸುತ್ತೇನೆ. ನಿರ್ಧಾರ, ನಿರ್ಲಕ್ಷ್ಯ, ಮುಚ್ಚಿಟ್ಟ ದೂರು ಇವನ್ನು ಇದ್ದಂತೆಯೇ ಉಳಿಸುತ್ತೇನೆ. ಸಾವನ್ನು ತಮಾಷೆಯ ದೃಶ್ಯವಾಗಿ ಆಡಿಸುವುದಿಲ್ಲ. ಕಾಕಂಬಿಯಲ್ಲಿ ಮುಳುಗುವುದು ಕೇಳಲು ವಿಲಕ್ಷಣ, ಆದರೆ ಚಳಿಗಾಲದ ತಂಪಿಗೆ ಅದು ಗಟ್ಟಿಯಾಗುತ್ತಾ ಹೋದಂತೆ ಒಳಗಿದ್ದವರನ್ನು ಎಳೆದು ತೆಗೆಯುವುದು ಎಷ್ಟು ಕಷ್ಟವಾಗಿತ್ತು ಎಂಬುದನ್ನು ಓದಿದ ಮೇಲೆ ನಗು ಬರುವುದಿಲ್ಲ. ಆಟ ಶುರುವಾಗುವ ಮುಂಚೆ ಯಾರಿಗೆ ಯಾವ ವಿಷಯ ಬೇಡ ಎಂದು ಕೇಳಿಕೊಳ್ಳಿ. ಜಾನ್ ಸ್ಟಾವ್ರೋಪೌಲೋಸ್ ರೂಪಿಸಿದ ಎಕ್ಸ್-ಕಾರ್ಡ್ ಮೇಜಿನ ನಡುವೆ ಇರಲಿ. ಯಾರಾದರೂ ಅದನ್ನು ಮುಟ್ಟಿದರೆ ಕಾರಣ ಕೇಳದೆ ದೃಶ್ಯವನ್ನು ದಾಟಿ ಮುಂದೆ ಹೋಗಿ. ಕುಣಿತದ ಕಥೆಗೆ ಇದು ಇನ್ನೂ ಮುಖ್ಯ, ತನ್ನ ಮೈ ತನ್ನ ಮಾತು ಕೇಳದ ಸ್ಥಿತಿ ಕೆಲವರಿಗೆ ಆಟವಾಗಿ ಉಳಿಯುವುದಿಲ್ಲ.


ಪೆನ್ಸಿಲ್ ತುದಿ:

ನಮ್ಮ ಆಟವೇ ಸುದ್ದಿಯಾದ ಮಾತು ಬಂದದ್ದರಿಂದ ಒಂದನ್ನು ಸೇರಿಸುತ್ತೇನೆ. ಇದನ್ನು ಹೆಚ್ಚು ಹಿಂಜರಿಯದೆ ಆಡಬಹುದು. 1990ರ ಮಾರ್ಚ್ 1ರಂದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಸ್ಟೀವ್ ಜಾಕ್ಸನ್ ಗೇಮ್ಸ್ ಕಂಪನಿಯ ಮೇಲೆ ಅಮೆರಿಕದ ಸೀಕ್ರೆಟ್ ಸರ್ವಿಸ್ ದಾಳಿ ಮಾಡಿತು. ಕಂಪ್ಯೂಟರ್‌ಗಳ ಜೊತೆಗೆ ‘ಗರ್ಪ್ಸ್ ಸೈಬರ್‌ಪಂಕ್’ ಎಂಬ ಆಟದ ಪುಸ್ತಕದ ಕರಡನ್ನೂ ಹೊತ್ತೊಯ್ದಿತು. ಭವಿಷ್ಯದ ಹ್ಯಾಕರ್‌ಗಳ ಬಗೆಗಿನ ಕಾಲ್ಪನಿಕ ಆಟದ ಪುಸ್ತಕವನ್ನು ಅಧಿಕಾರಿಗಳು ಕಂಪ್ಯೂಟರ್ ಅಪರಾಧದ ಕೈಪಿಡಿ ಎಂದು ಕರೆದರು. ಕಂಪನಿ ಮುಳುಗುವ ಹಂತಕ್ಕೆ ಬಂತು, ಅರ್ಧದಷ್ಟು ಸಿಬ್ಬಂದಿಯನ್ನು ಬಿಡಬೇಕಾಯಿತು, ಪುಸ್ತಕವನ್ನು ಹಳೆಯ ಕರಡುಗಳಿಂದ ಮತ್ತೆ ಕಟ್ಟಿ ಅದೇ ವರ್ಷ ಹೊರತಂದರು. 1993ರಲ್ಲಿ ನ್ಯಾಯಾಲಯ ಕಂಪನಿಗೆ 50,000 ಡಾಲರ್ ಪರಿಹಾರ ಕೊಡಿಸಿತು. ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಹುಟ್ಟಿದ್ದೂ 1990ರಲ್ಲೇ, ಈ ಮೊಕದ್ದಮೆಯ ಬೆನ್ನಿಗೆ ನಿಂತದ್ದು ಅದರ ಮೊದಲ ಕೆಲಸಗಳಲ್ಲಿ ಒಂದು.

ನಿಮ್ಮ ಆಟಗಾರರು ಆ ಕಚೇರಿಯ ಸಂಪಾದಕರಾಗಲಿ. ಮೇಜುಗಳು ಖಾಲಿ, ಕಂಪ್ಯೂಟರ್ ಇದ್ದ ಜಾಗದಲ್ಲಿ ಧೂಳಿನ ಚೌಕ. ಪುಸ್ತಕ ಅಚ್ಚಿಗೆ ಹೋಗಬೇಕು. ಯಾರ ಮನೆಯಲ್ಲಿ ಯಾವ ಅಧ್ಯಾಯದ ಹಳೆಯ ಪ್ರತಿ ಇದೆ, ಆಟ ಆಡಿ ನೋಡಲು ಕೊಟ್ಟವರು ಯಾರು ಹಿಂದಿರುಗಿಸಿಲ್ಲ, ನೆನಪಿನಿಂದ ಬರೆಯಬಹುದಾದದ್ದು ಎಷ್ಟು?


ಗೂಬೆಕರಡಿ:

ಕಡತದ ಧೂಳು ಅವರ ವಾದ್ಯಗಾರರ ಮೇಜಿನಲ್ಲಿ ನನಗೂ ಒಂದು ಜಾಗ ಇದ್ದಿದ್ದರೆ ಎನ್ನಿಸಿತು. ಆದರೂ ಒಂದು ಮಾತು ಬಿಡಲಾರೆ. ಚರ್ಮದ ವಾಸನೆ, ರಕ್ತದ ಕಾಲ್ಗುರುತು, ಕುಂಚಕ್ಕೆ ತಾಗಿದ ಅಂಟು, ಇವು ನಿಮ್ಮ ಕಥೆಗೆ ಜೀವ ಕೊಟ್ಟ ಚಿತ್ರಗಳು. ಕಡತ ಎಷ್ಟು ಓದಿದರೂ ಮೇಜಿನ ಮೇಲೆ ಕೊನೆಗೆ ಇಡಬೇಕಾದದ್ದು ಇವನ್ನೇ.


ಕಡತದ ಧೂಳು:

ಒಪ್ಪಿದೆ. ಆದರೆ ಆ ಅಂಟು ನನಗೆ ಸಿಕ್ಕಿದ್ದು ಕಡತ ಓದಿದ್ದರಿಂದ, ಗೂಬೆಕರಡಿ ಅವರೇ.

ಇಪ್ಪತ್ತುಮುಖಿ ಅವರೇ, ಸ್ಟ್ರಾಸ್‌ಬರ್ಗ್ ಆಡಿಸುವುದಾದರೆ ಒಂದು ಸಲಹೆ. ನಗರಸಭೆಯ ಎರಡು ಅಪ್ಪಣೆಗಳನ್ನೂ, ವಾದ್ಯಗಾರರನ್ನು ಕರೆದದ್ದು ಮತ್ತು ಡೋಲನ್ನು ನಿಷೇಧಿಸಿದ್ದು, ಎರಡು ಕಾಗದಗಳಲ್ಲಿ ಬರೆದು ಸಿದ್ಧವಿಟ್ಟುಕೊಳ್ಳಿ. ಮೊದಲನೆಯದನ್ನು ಆರಂಭದಲ್ಲೇ ಕೊಡಿ, ಎರಡನೆಯದನ್ನು ಆಟ ಅರ್ಧಕ್ಕೆ ಬಂದಾಗ, ಗುಮಾಸ್ತನ ಕೈಯಿಂದಲೇ. ಅದೇ ಮೊಹರು, ಅದೇ ಸಹಿ. ನಿನ್ನೆ ಕೂಲಿ ಕೊಟ್ಟು ಮಾಡಿಸಿದ ಕೆಲಸಕ್ಕೆ ಇವತ್ತು ಶಿಕ್ಷೆ. ಅಲ್ಲಿಂದ ಮುಂದೆ ನೀವು ಸುಮ್ಮನಿರಿ, ಅವರೇ ಮಾತಾಡಿಕೊಳ್ಳುತ್ತಾರೆ.


ಇಪ್ಪತ್ತುಮುಖಿ:

ಕಾಗದಗಳನ್ನು ಬರೆಯಲು ಕೂತಿದ್ದೇನೆ. ವೇದಿಕೆಯ ಮೇಲೆ ಬೀಳುವವರನ್ನು ಎತ್ತಿ ಹಿಡಿಯುವ ಆಳಿನ ಪಾತ್ರವನ್ನೂ ಒಬ್ಬರಿಗೆ ಕೊಡಬೇಕೆಂದಿದ್ದೇನೆ. ಡೋಲಿನವರಿಗೂ ಅವನಿಗೂ ಮೊದಲಿನಿಂದಲೇ ಪರಿಚಯ ಇರಲಿ, ಬಹುಶಃ ಒಂದೇ ಮನೆಯವರು. ಇಬ್ಬರಲ್ಲಿ ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರ ಕೂಲಿಯೂ ಹೋಗುತ್ತದೆ ಎಂಬ ಷರತ್ತನ್ನು ಮೊದಲ ಅಪ್ಪಣೆಯಲ್ಲೇ ಸೇರಿಸುತ್ತಿದ್ದೇನೆ.